ಬಿಸಿ ಮಾಡಿಟ್ಟ ಹೆಸರುಗಳು

ಚಕ್ರಮ್ಮ ಎಂಬುದು ಹೆತ್ತವರು ಇಟ್ಟ ಹೆಸರಲ್ಲ. ಆಸ್ಪತ್ರೆಯ ಸಾಲಿನಲ್ಲಿ ನಿಂತು ನಿಂತು ಕಾಲು ಮರಗಟ್ಟಿದ ರೋಗಿಗಳು ಇಟ್ಟ ಹೆಸರು. ಹಳೆಯ ರೋಗಿ ಕಿಟಕಿಗೆ ಬಂದು ಹೆಸರು ಹೇಳಬೇಕು, ಅವಳು ಅದನ್ನು ಕಂಪ್ಯೂಟರಿಗೆ ಕೊಡಬೇಕು, ಕಂಪ್ಯೂಟರು ಅವರ ಫೈಲಿನ ನಂಬರು ಹುಡುಕಿ ಕೊಡಬೇಕು, ಆ ನಂಬರು ಬರೆದ ಚೀಟಿ ಹಿಡಿದು ರೋಗಿ ಡಾಕ್ಟರ ಬಳಿ ಹೋಗಬೇಕು. ಹುಡುಕುವಷ್ಟು ಹೊತ್ತೂ ಪರದೆಯ ನಡುವೆ ಪುಟ್ಟದೊಂದು ಚಕ್ರ ಸುತ್ತುತ್ತಿತ್ತು. ಯಾಕಮ್ಮ ಇಷ್ಟು ತಡ ಎಂದವರಿಗೆಲ್ಲ ಅವಳದು ಒಂದೇ ಉತ್ತರ: "ಚಕ್ರ ತಿರುಗ್ತಾ ಇದೆ, ಸ್ವಲ್ಪ ತಡೀರಿ." ಹೀಗೆ ಅವಳು ಚಕ್ರಮ್ಮ ಆದಳು. ಆಮೇಲೆ ನರ್ಸುಗಳಿಗೂ ಅವಳು ಚಕ್ರಮ್ಮನೇ, ಕಾವಲುಗಾರನಿಗೂ ಚಕ್ರಮ್ಮನೇ. ಅವಳ ನಿಜವಾದ ಹೆಸರು ಸಂಬಳದ ದಿನ ಬಿಟ್ಟರೆ ಯಾರಿಗೂ ಬೇಕಾಗಲಿಲ್ಲ.

ನಾನು ಪಕ್ಕದ ಬಿಲ್ಲಿನ ಕಿಟಕಿಯವಳು. ನಮ್ಮಿಬ್ಬರ ನಡುವೆ ಮೊಣಕೈ ಎತ್ತರದ ಹಲಗೆಯೊಂದು, ಅಷ್ಟೇ. ನನ್ನ ಬಾಯಿ ಜೋರು, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಅಯ್ಯೋ ಪಾಪ ಎಂದು ಸೆರಗಿನಿಂದ ಕಣ್ಣೊರೆಸಿಕೊಳ್ಳುವ ಜಾತಿ ನಾನಲ್ಲ. ಅವಳ ವಿಷಯ ನೆನಪಾದರೆ ನನಗೆ ಈಗಲೂ ಅಳುವಿಗಿಂತ ಮೊದಲು ಸಿಟ್ಟೇ ಬರುತ್ತದೆ. ಅವಳಿಗೆ ಬುದ್ಧಿ ಇರಲಿಲ್ಲ ಎಂದಲ್ಲ. ಇದ್ದ ಬುದ್ಧಿಯನ್ನೆಲ್ಲ ಇನ್ನೊಬ್ಬರ ಕಾಲುನೋವಿಗೆ ಖರ್ಚು ಮಾಡಿದಳಲ್ಲ, ಅದಕ್ಕೆ.

ಮದುವೆ ಮುರಿದುಬಿದ್ದ ಮೇಲೆ ಅವಳು ಅಣ್ಣನ ಮನೆ ಸೇರಿದ್ದಳು. ಅಲ್ಲಿ ಅವಳ ಜಾಗವೆಂದರೆ ಹಾಲಿನಲ್ಲಿ, ಫ್ರಿಜ್ಜಿನ ಪಕ್ಕ, ಒಂದು ಮಡಚುವ ಮಂಚ. ಯಾರಿಗೆ ಬಾಯಾರಿದರೂ ಅವಳ ತಲೆಯ ಮೇಲಿನ ದೀಪ ಉರಿಯಬೇಕು. ಬೆಳಗಾದ ಕೂಡಲೇ ಮಂಚ ಮಡಚಿ ಬಾಗಿಲ ಹಿಂದೆ ಸರಿಸಿಬಿಡಬೇಕು, ಅವಳು ಅಲ್ಲಿ ಮಲಗಿದ್ದಳು ಎನ್ನುವ ಗುರುತೂ ಇರಬಾರದು. ಅತ್ತಿಗೆ ಕೂಗಾಡುವವಳಲ್ಲ. ಕೂಗಾಡಿದ್ದರೆ ತಿರುಗಿ ನಾಲ್ಕು ಮಾತು ಆಡಬಹುದಿತ್ತು. ಅವಳದು ಸಕ್ಕರೆ ಹಾಕಿ ಕಲಸಿದ ಮಾತು. "ನೀನು ಹಾಲಿನಲ್ಲಿ ಇರ್ತೀಯಲ್ಲ, ಅದಕ್ಕೇ ನಾವು ನೆಂಟರನ್ನ ಕರೆಯೋದನ್ನೇ ಬಿಟ್ಟಿದೀವಿ. ನಿನಗೇನೂ ಬೇಜಾರಿಲ್ಲ ತಾನೆ?" ಎನ್ನುತ್ತಿದ್ದಳಂತೆ. ಬೇಜಾರಿಲ್ಲ ಅತ್ತಿಗೆ ಎಂದು ಇವಳು ಹೇಳಬೇಕು. ಹೇಳುತ್ತಿದ್ದಳು ಕೂಡ.

ಆಸ್ಪತ್ರೆಯ ಹಿಂಭಾಗದಲ್ಲಿ, ಬಟ್ಟೆ ಒಗೆಯುವ ಕಟ್ಟಡದ ಆಚೆ, ಸಿಬ್ಬಂದಿಗೆಂದು ಸಾಲು ಕೋಣೆಗಳಿವೆ. ಕೆಲಸ ಖಾಯಂ ಆದವರಿಗೆ ಮಾತ್ರ ಅವು ಸಿಗುತ್ತವೆ. ಚಕ್ರಮ್ಮ ಬಂದಾಗಿನಿಂದಲೂ ಕಾಂಟ್ರಾಕ್ಟಿನವಳು. ಆ ವರ್ಷ ಅವಳನ್ನು ಖಾಯಂ ಮಾಡುವ ಆದೇಶ ಟೈಪಾಗಿ ಸೂಪರಿಂಟೆಂಡೆಂಟರ ಮೇಜಿಗೆ ಬಂದಿತ್ತು, ಸಹಿಯೊಂದು ಬೀಳಬೇಕಿತ್ತು. ಕೋಣೆಯೊಂದು ಖಾಲಿಯೂ ಇತ್ತು. ಅವಳು ಊಟದ ಹೊತ್ತಿನಲ್ಲಿ ಹೋಗಿ ಕಿಟಕಿಯಿಂದ ಇಣುಕಿ ನೋಡಿಕೊಂಡು ಬಂದಿದ್ದಳು.

"ಬಾಗಿಲಿಗೆ ಒಳಗಡೆಯಿಂದ ಚಿಲಕ ಇದೆ ಅಕ್ಕ" ಎಂದಳು.

"ಬಾಗಿಲು ಅಂದ ಮೇಲೆ ಚಿಲಕ ಇರದೆ ಇನ್ನೇನಿರುತ್ತೆ?"

"ನಾನು ಹಾಕ್ಕೊಳ್ಳೋ ಚಿಲಕ ಅಣ್ಣನ ಮನೇಲಿ ಎಲ್ಲೂ ಇಲ್ಲ ಅಕ್ಕ."

ಅದಾದ ಮೇಲೆ ದಿನಾ ಅದೇ ಪುರಾಣ. ಮಂಚ ಯಾವ ಗೋಡೆಗೆ, ಒಲೆ ಯಾವ ಮೂಲೆಗೆ, ಕಿಟಕಿಯ ಪರದೆ ಹಸಿರೋ ನೀಲಿಯೋ. ಕೇಳಿ ಕೇಳಿ ನನ್ನ ಕಿವಿ ತೂತು ಬಿದ್ದುಹೋಯಿತು. ನೀಲಿ ಹಾಕ್ಕೊ, ಕೊಳೆ ಕಾಣಲ್ಲ ಎಂದು ಹೇಳಿ ಬಾಯಿ ಮುಚ್ಚಿಸಿದೆ.

ಇನ್ನು ಆ ಮಷೀನಿನ, ಅಂದರೆ ಅವಳ ಕಂಪ್ಯೂಟರಿನ ವಿಷಯ. ಅದಕ್ಕೆ ಒಂದು ಗುಣವಿತ್ತು. ಯಾವುದೇ ಹೆಸರನ್ನು ಮೊದಲ ಸಲ ಕೇಳಿದರೆ ಅದು ತಿಣುಕಿ ತಿಣುಕಿ ಹುಡುಕುತ್ತಿತ್ತು, ಮುಕ್ಕಾಲು ನಿಮಿಷ ಹಿಡಿಯುತ್ತಿತ್ತು. ಅದೇ ಹೆಸರನ್ನು ಇನ್ನೊಮ್ಮೆ ಕೇಳಿದರೆ ಕಣ್ಣು ಮಿಟುಕಿಸುವುದರೊಳಗೆ ಉತ್ತರ. ಒಮ್ಮೆ ಹುಡುಕಿದ್ದು ಕೆಲವು ಗಂಟೆ ಅದರ ನಾಲಿಗೆಯ ತುದಿಯಲ್ಲೇ ಇರುತ್ತಿತ್ತು, ಹೊಸ ಹೆಸರುಗಳು ಬಂದ ಹಾಗೆ ಮರೆತುಹೋಗುತ್ತಿತ್ತು. ಇದನ್ನು ಕಂಡುಹಿಡಿದವಳು ಚಕ್ರಮ್ಮ. ಚೀಟಿ ಕಳೆದುಕೊಂಡು ವಾಪಸು ಬಂದ ಮುದುಕಿಯೊಬ್ಬಳಿಗೆ ಎರಡನೆಯ ಸಲ ಹುಡುಕುವಾಗ ಗೊತ್ತಾಯಿತಂತೆ.

ಅಲ್ಲಿಗೆ ಸುಮ್ಮನಿದ್ದಳೇ? ಮಾರನೆಯ ದಿನದಿಂದ ಎಲ್ಲರಿಗಿಂತ ಮುಂಚೆ ಬಂದು ಕೂತಳು. ಆ ದಿನ ಡಾಕ್ಟರನ್ನು ಕಾಣಲು ಸಮಯ ಗೊತ್ತುಮಾಡಿಕೊಂಡ ಹಳೆಯ ರೋಗಿಗಳ ಹೆಸರುಗಳನ್ನೆಲ್ಲ ಒಂದೊಂದಾಗಿ ಮಷೀನಿಗೆ ಕೊಟ್ಟು, ಹುಡುಕಿಸಿ, ಮುಚ್ಚಿ, ಮುಂದಿನದಕ್ಕೆ ಹೋದಳು. ಕಿಟಕಿ ತೆರೆಯುವ ಹೊತ್ತಿಗೆ ಅವರೆಲ್ಲರ ಫೈಲಿನ ನಂಬರು ತಯಾರು. ಹೆಸರು ಹೇಳಿದರೋ, ಚೀಟಿ ಕೈಯಲ್ಲಿ. ನಾವು ಕಿಟಕಿಯವರು ಅದಕ್ಕೆ ಬಿಸಿ ಮಾಡೋದು ಎನ್ನುತ್ತಿದ್ದೆವು. "ಏನೇ, ಇವತ್ತು ಎಷ್ಟು ಜನರನ್ನ ಬಿಸಿ ಮಾಡ್ದೆ?" ಎಂದು ಬರುತ್ತಿದ್ದಂತೆ ನಾನು ಕೆಣಕುತ್ತಿದ್ದೆ. ಯಾರೂ ಅವಳಿಗೆ ಹೇಳಿರಲಿಲ್ಲ, ಅದಕ್ಕೆ ಬಿಡಿಗಾಸೂ ಸಿಗುತ್ತಿರಲಿಲ್ಲ. ಪೂರ್ತಿ ಬಿಟ್ಟಿ ಚಾಕರಿ.

ಆದರೆ ಮುಂಚೆ ತಿಳಿಸದೆ ಬರುವವರೇ ಹೆಚ್ಚು. ಅವರ ಹೆಸರು ಅವಳಿಗೆ ಕನಸಿನಲ್ಲಿ ಬೀಳಬೇಕೇ? ಅವರಿಗೆ ಚಕ್ರ ತಿರುಗುತ್ತಿತ್ತು, ಸಾಲು ಬಾಗಿಲ ಆಚೆ ಹೋಗುತ್ತಿತ್ತು, ಜನ ಬಾಯಿಗೆ ಬಂದಂತೆ ಅನ್ನುತ್ತಿದ್ದರು. "ಇವಳು ಹುಡುಕೋದ್ರೊಳಗೆ ಕಾಯಿಲೆ ತಾನಾಗೇ ವಾಸಿಯಾಗುತ್ತೆ" ಎಂದು ಒಬ್ಬ. "ವಾಸಿ ಆಗಲ್ಲ, ರೋಗೀನೇ ಇರಲ್ಲ" ಎಂದು ಇನ್ನೊಬ್ಬ. ಸಾಲಿಗೆ ಸಾಲೇ ನಗುತ್ತಿತ್ತು. ಕಾಯಿಲೆಯವರಿಗೆ ನಗಲು ಬೇರೆ ಏನಿದೆ ಹೇಳಿ. ಅವಳೂ ನಕ್ಕಂತೆ ಮಾಡಿ ಪರದೆ ನೋಡುತ್ತ ಕೂರುತ್ತಿದ್ದಳು.

ದೂರುಗಳು ಮೇಲಿನವರೆಗೆ ಹೋದವು. ಮೇಲಿನವರು ಸೂಪರಿಂಟೆಂಡೆಂಟರನ್ನು ಕೇಳಿದರು. ನಮ್ಮ ಸೂಪರಿಂಟೆಂಡೆಂಟರಿಗೆ ಸಿಟ್ಟೇ ಬರುವುದಿಲ್ಲ. ಬಂದಾಗ ನಗುತ್ತಾರೆ, ಹೆಚ್ಚು ಬಂದರೆ ಹೆಚ್ಚು ನಗುತ್ತಾರೆ. ಆ ಮಷೀನನ್ನು ಆರಿಸಿ ತರಿಸಿದವರು ಅವರೇ. ಅದನ್ನು ಮೊದಲ ಸಲ ಚಾಲೂ ಮಾಡಿದ ದಿನದ ಫೋಟೋ ಅವರ ಕುರ್ಚಿಯ ಹಿಂದೆ ಗೋಡೆಯಲ್ಲಿದೆ. ಹೀಗಿರುವಾಗ ಮಷೀನು ಸರಿಯಿಲ್ಲ ಎಂದು ಅವರ ಬಾಯಲ್ಲಿ ಬರುತ್ತದೆಯೇ?

ಅವರು ಚಕ್ರಮ್ಮನ ಕಿಟಕಿಗೆ ಬಂದು ಹೇಳಿದರು: "ನಾಳೆ ಒಬ್ಬರು ಬರ್ತಾರೆ ಮೇಡಂ. ಹುಡುಕೋದಕ್ಕೆ ಎಷ್ಟು ಹೊತ್ತಾಗುತ್ತೆ ಅಂತ ಅಳೀತಾರೆ. ನೀವೇ ಒಂದು ಹತ್ತು ಹಳೇ ರೋಗಿಗಳ ಹೆಸರು ಆರಿಸಿ ಇಟ್ಕೊಳ್ಳಿ, ಅದರ ಮೇಲೇ ಅಳೆಯಲಿ. ಅದು ಮುಗೀಲಿ, ನಿಮ್ಮ ಖಾಯಂ ಕಾಗದಕ್ಕೂ ಒಂದು ಸಹಿ ಹಾಕಿಬಿಡೋಣ." ನಕ್ಕು ಹೊರಟುಹೋದರು.

ಅವರು ಅತ್ತ ಹೋಗುತ್ತಿದ್ದಂತೆ ಇವಳು ಹಲಗೆಯ ಮೇಲೆ ನನ್ನ ಕಡೆ ಬಾಗಿದಳು. "ನಾಳೆ ಇನ್ನೂ ಬೇಗ ಬರ್ತೀನಿ ಅಕ್ಕ. ಹತ್ತೂ ಹೆಸರು ಬಿಸಿ ಮಾಡಿಡ್ತೀನಿ" ಎಂದಳು.

"ನಿನ್ನ ತಲೆ. ಅವರು ಅಳೆಯೋಕೆ ಬರ್ತಿರೋದು ಮಷೀನನ್ನ. ಅದು ನಿಧಾನ ಅಂತ ಗೊತ್ತಾಗ್ಲಿ ಬಿಡೆ, ನಿನಗೇನು ಗಂಟು ಹೋಗುತ್ತೆ?"

"ನನ್ನ ಕಿಟಕೀಲಿ ಆಗಿದ್ದಕ್ಕೆಲ್ಲ ನನ್ನ ಹೆಸರೇ ಅಕ್ಕ ಬರೋದು. ಜನ ಬೈಯೋದು ಮಷೀನನ್ನಾ? ನನ್ನನ್ನ. ನಾಳೆ ಒಂದು ದಿನ ಬೇಗ ಬಂದುಬಿಟ್ರೆ ಸಹಿ ಬೀಳುತ್ತೆ."

ಬೇಡ ಅಂದೆ. ಎರಡು ಸಲ ಅಂದೆ. ಅವಳು ತಲೆ ಆಡಿಸಿದಳು, ನಾನು ಒಪ್ಪಿದಳು ಅಂದುಕೊಂಡೆ. ಅಣ್ಣನ ಮನೆಯಲ್ಲಿ ಇದ್ದು ಇದ್ದು ಅವಳಿಗೆ ಆ ತಲೆ ಆಡಿಸುವ ಅಭ್ಯಾಸ ಆಗಿತ್ತು, ಒಳಗೆ ಏನಿದೆಯೆಂದು ಅದರಿಂದ ತಿಳಿಯುತ್ತಿರಲಿಲ್ಲ.

ಅಳೆಯುವವರು ಅಂದಾಗ ನಾನು ಕತ್ತಿಗೆ ಸ್ಟಾಪ್‌ವಾಚು ನೇತುಹಾಕಿಕೊಂಡ ಆಟದ ಮೇಷ್ಟ್ರನ್ನು ಊಹಿಸಿದ್ದೆ. ಬಂದವರು ಬೋಳುತಲೆಯ, ಸೊಂಟನೋವಿನ, ಮೆಲುಮಾತಿನ ಮನುಷ್ಯ. ಕೂರಲು ತಮ್ಮದೇ ದಿಂಬು ತಂದಿದ್ದರು. ಚಕ್ರಮ್ಮನ ಕುರ್ಚಿಯ ಮೇಲೆ ಅದನ್ನಿಟ್ಟು, ಕೂತು, ಏನೋ ಟೈಪು ಮಾಡಿದರು. ಗಡಿಯಾರ ಎಲ್ಲಿ ಎಂದು ನಾನು ಕೇಳಿದೆ.

"ಗಡಿಯಾರ ಯಾಕಮ್ಮ? ಪ್ರಶ್ನೆ ಯಾವಾಗ ಹೋಯ್ತು, ಉತ್ತರ ಯಾವಾಗ ಬಂತು ಅಂತ ಮಷೀನೇ ಬರೆದಿಡುತ್ತೆ. ನಾನು ಓದ್ತೀನಿ, ಅಷ್ಟೆ. ಒಂದೊಂದು ಹೆಸರನ್ನೂ ಮೂರು ಸಲ ಕೇಳ್ತೀನಿ. ಮೊದಲನೇ ಸಲ ತಡವಾಗಿ ಆಮೇಲೆ ಬೇಗ ಆದ್ರೆ ಅದರ ಅರ್ಥ ಬೇರೆ."

ಮನುಷ್ಯನಿಗೆ ಕಸುಬು ಗೊತ್ತಿತ್ತು. ಮೊದಲ ಸಲಕ್ಕೂ ಮೂರನೆಯ ಸಲಕ್ಕೂ ವ್ಯತ್ಯಾಸ ಸಿಕ್ಕಿದ್ದರೆ ಕಳ್ಳ ಯಾರೆಂದು ಅಲ್ಲೇ ಹಿಡಿಯುತ್ತಿದ್ದರು. ಆದರೆ ಒಂದು ಸೆಕೆಂಡೂ ಇಲ್ಲ, ಒಂದು ಸೆಕೆಂಡೂ ಇಲ್ಲ, ಒಂದು ಸೆಕೆಂಡೂ ಇಲ್ಲ. ಹತ್ತು ಹೆಸರಿಗೂ ಹಾಗೆಯೇ. ನಾನು ಹಲಗೆಯ ಮೇಲಿನಿಂದ ಚಕ್ರಮ್ಮನನ್ನು ನೋಡಿದೆ. ಅವಳು ಗೋಡೆಗೆ ಒರಗಿ ನಿಂತಿದ್ದಳು, ಪರೀಕ್ಷೆಯಲ್ಲಿ ಪಾಸಾದವಳ ಮುಖ. ಹಲ್ಲು ಕಚ್ಚಿ, "ಮಾಡಿಬಿಟ್ಯಾ?" ಎಂದೆ. ಅವಳು ಖುಷಿಯಿಂದ ಹೂಂ ಅಂದಳು.

ಆಮೇಲೆ ಸೂಪರಿಂಟೆಂಡೆಂಟರು ಅಳತೆಯವರನ್ನು ಸಾಲಿನ ಕಡೆ ಕರೆದುಕೊಂಡು ಹೋದರು. ರೋಗಿ ಕಿಟಕಿಗೆ ಬಂದದ್ದರಿಂದ ಚೀಟಿ ಸಿಗುವವರೆಗೆ ಎಷ್ಟು ಹೊತ್ತು ಎಂದು ನೋಡುತ್ತ ಇಬ್ಬರೂ ಕಂಬದ ಪಕ್ಕ ನಿಂತರು. ಅಲ್ಲಿಂದ ಪರದೆ ಕಾಣುವುದಿಲ್ಲ, ಅದರ ಬೆನ್ನು ಮಾತ್ರ ಕಾಣುತ್ತದೆ. ಚಕ್ರಮ್ಮ ಕೈಕಟ್ಟಿ ಕೂತು ಕಾಯುವುದೂ ಕಾಣುತ್ತದೆ. ಅವತ್ತು ಬಂದವರಲ್ಲಿ ಮುಂಚೆ ತಿಳಿಸದೆ ಬಂದವರೇ ಹೆಚ್ಚು. ಹೊಸ ಹೆಸರು ಕೊಟ್ಟರೆ ಮಷೀನು ಆ ಹತ್ತನ್ನು ಮರೆತೀತೆಂದು, ಸಮಯ ಗೊತ್ತುಮಾಡಿಕೊಂಡಿದ್ದವರನ್ನೂ ಅವಳು ಅವತ್ತು ಬಿಸಿ ಮಾಡಿರಲಿಲ್ಲ.

ಊಟ ಮುಗಿಯುವ ಹೊತ್ತಿಗೆ ಕರೆ ಬಂತು. ನನ್ನನ್ನೂ ಕರೆದರು, ಸಾಕ್ಷಿಗೆ ಒಬ್ಬರು ಇರಲಿ ಎಂದು. ಸೂಪರಿಂಟೆಂಡೆಂಟರು ಹಲ್ಲು ಕಾಣುವಷ್ಟು ನಗುತ್ತಿದ್ದರು.

"ಕೂತ್ಕೊಳ್ಳಿ ಮೇಡಂ. ಮಷೀನು ಒಂದು ಸೆಕೆಂಡೂ ತಗೊಳಲ್ವಂತೆ. ಜನ ಮುಕ್ಕಾಲು ನಿಮಿಷ ನಿಲ್ತಾರೆ. ಉಳಿದ ಹೊತ್ತನ್ನ ನೀವು ಎಲ್ಲಿ ಇಟ್ಕೊಳ್ತೀರಿ? ಬ್ಯಾಗಿನಲ್ಲಾ?"

ಅವಳಿಗೆ ಮೊದಲು ತಿಳಿಯಲಿಲ್ಲ. ತಿಳಿದಾಗ ಕುರ್ಚಿಯ ತುದಿಗೆ ಜರುಗಿದಳು. ತನ್ನ ಕಾಲ ಮೇಲೆ ತಾನೇ ಕಲ್ಲು ಹಾಕಿಕೊಂಡದ್ದು ಅವಳಿಗೆ ಕಂಡದ್ದು ಆಗ.

"ಈ ವರ್ಷ ಖಾಯಂ ಬೇಡ ಅನ್ಸುತ್ತೆ" ಎಂದು ಅವರು ಕಾಗದವನ್ನು ಡ್ರಾಯರಿಗೆ ಹಾಕಲು ಎತ್ತಿಕೊಂಡರು.

"ಸರ್, ಅದು ಬೇಗ ಬಂದದ್ದು ನಾನು ಮೊದಲೇ ಹುಡುಕಿ ಇಟ್ಟಿದ್ದಕ್ಕೆ" ಎಂದಳು. ಒಂದೇ ಉಸಿರಿಗೆ ಎಲ್ಲ ಹೇಳಿದಳು. ಮೊದಲ ಸಲ ತಡ, ಎರಡನೆಯ ಸಲ ಬೇಗ, ಬೆಳಿಗ್ಗೆ ಬಂದು ಹತ್ತೂ ಹೆಸರು ಹುಡುಕಿದ್ದು.

ಅಳತೆಯವರು ನೆಟ್ಟಗೆ ಕೂತರು. ಸೊಂಟನೋವು ಮರೆತೇಹೋಗಿತ್ತು. "ಓ, ಹಾಗಾದ್ರೆ ನಾನು ಅಳೆದದ್ದು ಮಷೀನಿನ ನೆನಪನ್ನ, ಹುಡುಕೋದನ್ನಲ್ಲ" ಎಂದು ತಮ್ಮ ಪುಟ್ಟ ಕಂಪ್ಯೂಟರು ತೆರೆದರು. ಮಷೀನು ತಾನೇ ಬರೆದಿಟ್ಟದ್ದೆಲ್ಲ ಅದರಲ್ಲಿ ಬಂತು. "ಇವರು ಹೇಳೋದು ನಿಜ ಸರ್. ನೋಡಿ, ಬೆಳಿಗ್ಗೆ ಮೊದಲನೇ ಸಲಕ್ಕೆ ಪ್ರತಿ ಹೆಸರಿಗೂ ನಲವತ್ತು ಸೆಕೆಂಡಿನ ಮೇಲೆ. ತಪ್ಪು ಇವರದ್ದಲ್ಲ. ಹೆಸರುಗಳನ್ನ ಅಕ್ಷರದ ಕ್ರಮದಲ್ಲಿ ಜೋಡಿಸಿಲ್ಲ. ಒಬ್ಬ ರೋಗಿ ಬೇಕು ಅಂದ್ರೆ ಮಷೀನು ಇಲ್ಲೀವರೆಗೂ ಬಂದ ಎಲ್ಲ ರೋಗಿಗಳನ್ನೂ ಒಬ್ಬೊಬ್ಬರನ್ನೇ ನೋಡ್ಕೊಂಡು ಬರ್ತಿದೆ. ತಂದಾಗಲೇ ಮಾಡಬೇಕಿತ್ತು. ಮಷೀನಿಗೆ ಒಂದೇ ಒಂದು ಸಾಲು ಬರೆದು ಹೇಳೋ ಕೆಲಸ."

ಚಕ್ರಮ್ಮ ನನ್ನ ಕಡೆ ತಿರುಗಿದಳು. ಅವಳ ಮುಖ ಅಷ್ಟು ಅರಳಿದ್ದನ್ನು ನಾನು ಎಂದೂ ನೋಡಿರಲಿಲ್ಲ. ದೇವರಾಣೆ, ನನಗೂ ಗೆದ್ದೆವು ಅನ್ನಿಸಿತು. ಹೋಗಿ ನೀಲಿ ಪರದೆಯ ಬಟ್ಟೆ ತಗೊಂಡು ಬಾರೆ ಎಂದು ಹೇಳಬೇಕು ಎನ್ನುವಷ್ಟು ಅನ್ನಿಸಿತು.

ಸೂಪರಿಂಟೆಂಡೆಂಟರ ನಗು ಇನ್ನೂ ಅಗಲವಾಯಿತು. ತಂದಾಗಲೇ ಮಾಡಬೇಕಿತ್ತು ಎಂಬ ಮಾತು ಅವರಿಗೆ ಎಲ್ಲಿ ನಾಟಬೇಕೋ ಅಲ್ಲಿ ನಾಟಿತ್ತು.

"ಕಿಟಕಿ ತೆರೆಯೋಕೆ ಮುಂಚೆ ಫೈಲು ಹುಡುಕಿದವರು ಯಾರು ಅಂತಾನೂ ಅದರಲ್ಲಿ ಇರುತ್ತಾ?"

"ಇರುತ್ತೆ ಸರ್. ಇವತ್ತಿಂದು ಮಾತ್ರ ಅಲ್ಲ, ಹಿಂದಿಂದೂ ಇದೆ." ಅಳತೆಯವರಿಗೆ ತಮ್ಮ ಕಸುಬಿನ ಹೆಮ್ಮೆ. ಒಂದೊಂದೇ ದಿನ ಹಿಂದೆ ಹಿಂದೆ ಸರಿಸಿ ತೋರಿಸಿದರು. "ನೋಡಿ, ಇವರು ದಿನಾ ಬೆಳಿಗ್ಗೆ ಮಾಡಿದಾರೆ. ಒಂದು ದಿನಾನೂ ತಪ್ಪಿಸಿಲ್ಲ." ಹೊಗಳುತ್ತಿದ್ದೇನೆ ಎಂದೇ ಅಂದುಕೊಂಡಿದ್ದರು ಪುಣ್ಯಾತ್ಮ.

"ರೋಗಿ ಎದುರಿಗೆ ಇಲ್ಲದಾಗ ಅವರ ಫೈಲು ತೆಗೆಯೋ ಹಾಗಿಲ್ಲ. ಕೆಲಸಕ್ಕೆ ಸೇರೋವಾಗ ಆ ನಿಯಮಕ್ಕೆ ನೀವು ಸಹಿ ಹಾಕಿದೀರಿ, ಅಲ್ವಾ ಮೇಡಂ?"

"ನಾನು ಒಳಗೆ ಏನೂ ಓದಿಲ್ಲ ಸರ್. ಹೆಸರು ಹುಡುಕಿ ಮುಚ್ಚಿದೀನಿ ಅಷ್ಟೆ. ವಯಸ್ಸಾದವರು ನಿಲ್ಲಬಾರದು ಅಂತ."

"ಯಾರು ಹೇಳಿದ್ರು ನಿಮಗೆ ಮಾಡಿ ಅಂತ?"

ನಾನು ಬಾಯಿ ಹಾಕಿದೆ. ಇದು ನಮಗೆಲ್ಲ ಗೊತ್ತಿದ್ದದ್ದೇ, ಇದರಿಂದ ಜನಕ್ಕೆ ಉಪಕಾರವೇ ಆಯಿತು ಎಂದೆ. ಅವರು ನನ್ನ ಕಡೆ ತಿರುಗಲೂ ಇಲ್ಲ. "ನೀವು ಸಾಕ್ಷಿ ಮೇಡಂ, ವಕೀಲರಲ್ಲ."

ಅಳತೆಯವರಿಗೆ ಅಷ್ಟು ಹೊತ್ತಿಗೆ ತಾವು ಏನು ಮಾಡಿದೆವೆಂದು ಹೊಳೆದಿತ್ತು. "ಸರ್, ಇವರು ಹೇಳಿದ್ದರಿಂದಲೇ ತಪ್ಪು ಎಲ್ಲಿದೆ ಅಂತ ಸಿಕ್ಕಿದ್ದು" ಎಂದು ತೊದಲಿದರು. "ಹೌದು, ಅದಕ್ಕೆ ನಾವೆಲ್ಲ ಅವರಿಗೆ ಋಣಿ" ಎಂದು ಸೂಪರಿಂಟೆಂಡೆಂಟರು ಆ ಖಾಯಂ ಆದೇಶವನ್ನು ಎರಡಾಗಿ ಹರಿದರು. "ಬರೀ ನಿಧಾನ ಆಗಿದ್ರೆ ಇನ್ನೊಂದು ವರ್ಷ ಹೀಗೇ ಇರಿ ಅಂತ ಬಿಡ್ತಿದ್ದೆ. ಈಗ ನೀವೇ ಬಾಯಿಬಿಟ್ಟು ಹೇಳಿದ್ರಿ. ನನ್ನ ಕೈಯಲ್ಲಿ ಏನೂ ಇಲ್ಲ. ಇವತ್ತೇ ಕೊನೆ ಮಾಡಿಕೊಳ್ಳಿ."

ಅವಳು ಕಿಟಕಿಗೆ ಮರಳಿ ಡ್ರಾಯರು ಖಾಲಿ ಮಾಡುತ್ತಿದ್ದಾಗಲೇ ಅಳತೆಯವರು ಅವಳ ಕುರ್ಚಿಯಲ್ಲಿ ದಿಂಬು ಹಾಕಿ ಕೂತು ಆ ಒಂದು ಸಾಲು ಟೈಪು ಮಾಡಿದರು. ಅವಳ ಮುಖ ನೋಡುವ ಧೈರ್ಯ ಅವರಿಗಿರಲಿಲ್ಲ. ಅವಳ ಬಾಚಣಿಗೆ ಅವರ ಮೊಣಕೈ ಪಕ್ಕದಲ್ಲಿತ್ತು. ಅವಳು ಕೇಳಲಿಲ್ಲ, ಅವರು ಕೊಡಲಿಲ್ಲ. ಕೊನೆಗೆ ನಾನು ಎತ್ತಿ ಕೊಟ್ಟೆ. ಅವರು ಎದ್ದ ಮೇಲೆ, ಮಕ್ಕಳ ವಾರ್ಡಿನ ಕೆಲಸದಿಂದ ಕರೆತಂದ ಹುಡುಗಿಯೊಬ್ಬಳು ಕೂತು ಹೆಸರು ಹುಡುಕತೊಡಗಿದಳು. ಮೊದಲ ಸಲಕ್ಕೇ ಉತ್ತರ ಬರುತ್ತಿತ್ತು, ಚಕ್ರ ಕಾಣಿಸಿಕೊಳ್ಳಲೇ ಇಲ್ಲ. ಸಾಲು ನೋಡನೋಡುತ್ತಿದ್ದಂತೆ ಕರಗಿತು.

"ನೋಡ್ರೀ, ಅವಳನ್ನ ಎಬ್ಬಿಸಿದ ತಕ್ಷಣ ಹೇಗೆ ಓಡ್ತಿದೆ" ಎಂದ ಒಬ್ಬ ಮುದುಕ. ವಾರವಾರವೂ ಬರುವವನು, ವಾರವಾರವೂ ಅವನ ಹೆಸರನ್ನು ಅವಳು ಬಿಸಿ ಮಾಡಿ ಇಟ್ಟಿದ್ದಳು. ಅವಳು ಚೀಲ ಹಿಡಿದು ಅವನ ಪಕ್ಕದಲ್ಲೇ ಹಾದುಹೋಗಬೇಕಿತ್ತು. ನಾನು ಆ ಮುದುಕನಿಗೆ ಏನಂದೆ ಎಂದು ಇಲ್ಲಿ ಬರೆಯುವ ಹಾಗಿಲ್ಲ.

ನಾನು ಕಿಟಕಿ ಮುಚ್ಚಿ ಅವಳ ಜೊತೆಗೇ ಹೊರಟೆ. ದಾರಿಯುದ್ದಕ್ಕೂ ಬೈದೆ. ಬೇಡ ಅಂದಿರಲಿಲ್ವಾ, ನಿನ್ನ ಉಪಕಾರಬುದ್ಧಿಗೆ ಬೆಂಕಿ ಬೀಳಲಿ, ಅಲ್ಲಿ ನಿಜ ಹೇಳು ಅಂತ ಯಾರು ಕೇಳಿದ್ದರು ಎಂದೆ. ಅಣ್ಣನ ಮನೆಯ ತಿರುವಿನಲ್ಲಿ ಅವಳು ನಿಂತು, "ಮನೇಲಿ ಹೇಗೆ ಹೇಳ್ಲಿ ಅಕ್ಕ?" ಎಂದಳು. ನಾನೇ ಹೇಳ್ತೀನಿ ನಡಿ ಎಂದೆ.

ಅಣ್ಣ ಟೀವಿಯ ಮುಂದೆ ಕೂತಿದ್ದ. ಅತ್ತಿಗೆ ನನ್ನನ್ನು ಕೂರಿಸಿ, ಬೇಡವೆಂದರೂ ಕೇಳದೆ ಟೀ ಮಾಡಿ ತಂದುಕೊಟ್ಟಳು. ನಾನು ಸುತ್ತಿ ಬಳಸದೆ ಹೇಳಿದೆ: ಕೆಲಸ ಹೋಯಿತು, ಅವಳ ತಪ್ಪಿಲ್ಲ. ಅಣ್ಣ ಟೀವಿಯ ಸದ್ದು ಸ್ವಲ್ಪ ತಗ್ಗಿಸಿದ. ಕೇಳಿಸಿಕೊಂಡ. ಮತ್ತೆ ಮೊದಲಿನಷ್ಟೇ ಏರಿಸಿದ.

ಅತ್ತಿಗೆ ಮಾತ್ರ ಎದ್ದು ಬಂದು ಇವಳ ಪಕ್ಕ ಕೂತು ಬೆನ್ನು ಸವರಿದಳು. "ಅಳ್ತೀಯಾಕೆ? ಹೋದ್ರೆ ಹೋಯ್ತು. ಹೊರಗೆ ಹೋಗಿ ಅವರಿವರ ಹತ್ರ ಅನ್ನಿಸಿಕೊಂಡದ್ದು ಸಾಕು. ಇದು ನಿನ್ನ ಮನೆ ಅಲ್ವಾ?" ಎಂದಳು. ಒಂದು ಕ್ಷಣ ನಾನೇ ಮೋಸಹೋದೆ. ಹೆಂಗಸು ಪರವಾಗಿಲ್ಲ, ನಾನೇ ತಪ್ಪು ತಿಳಿದಿದ್ದೆ ಎಂದುಕೊಂಡೆ.

ಆಮೇಲೆ ಅವಳು ಒಂದು ಕೈಯಲ್ಲಿ ಬೆನ್ನು ಸವರುತ್ತಲೇ ಇನ್ನೊಂದು ಕೈಯಲ್ಲಿ ಫೋನು ತೆಗೆದುಕೊಂಡು ಮನೆಗೆಲಸದವಳಿಗೆ ಹಚ್ಚಿದಳು. "ನಾಳೆಯಿಂದ ನೀವು ಬರೋದು ಬೇಡ. ಇಲ್ಲ ಇಲ್ಲ, ನಿಮ್ಮ ಕೆಲಸಕ್ಕೆ ಹೆಸರಿಡೋ ಹಾಗಿಲ್ಲ. ಪಾತ್ರೆ, ನೆಲ, ಬಟ್ಟೆ ಎಲ್ಲಕ್ಕೂ ಈಗ ಮನೇಲೇ ಜನ ಇದ್ದಾರೆ" ಎಂದಳು.

ಅಣ್ಣ ತಿರುಗಿ ನೋಡಲಿಲ್ಲ. ಚಕ್ರಮ್ಮ ಕಣ್ಣೊರೆಸಿಕೊಂಡು ಎದ್ದಳು. ನಾನು ಟೀ ಕುಡಿದು ಕೆಳಗಿಟ್ಟಿದ್ದ ಲೋಟವನ್ನು ಎತ್ತಿಕೊಂಡು, ತೊಳೆಯಲು ಒಳಗೆ ಹೋದಳು.